ಅನುಭವವಿಲ್ಲದೆ ಡಿಜಿಟಲ್ ಮಾರ್ಕೆಟಿಂಗ್ ಕೆಲಸಕ್ಕೆ ಸೇರುವುದು ಹೇಗೆ? ಹಾಸನದಲ್ಲೇ ಇದ್ದು ಶುರುಮಾಡಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹಾಸನದಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೀರಿ. ಡಿಜಿಟಲ್ ಮಾರ್ಕೆಟಿಂಗ್ ಕೆಲಸಕ್ಕೆ ಅರ್ಜಿ ಹಾಕಿದ ಕಡೆಯೆಲ್ಲ ಅನುಭವ ಕೇಳುತ್ತಾರೆ. ಬೆಂಗಳೂರಿನ ತರಬೇತಿ ಸಂಸ್ಥೆಯೊಂದು ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎಂದು ಹೇಳಿ ದೊಡ್ಡ ಮೊತ್ತ ಕೇಳಿದೆ. ಮನೆಯವರು ಸಾಲ ಮಾಡಿಯಾದರೂ ಕಟ್ಟಲು ಸಿದ್ಧರಿದ್ದಾರೆ. ಕಟ್ಟಬೇಕೇ, ಬೇಡವೇ?

ದಯವಿಟ್ಟು ಈಗ ಕಟ್ಟಬೇಡಿ. ನಾನು ಚಿಕ್ಕಮಗಳೂರಿನಲ್ಲಿದ್ದುಕೊಂಡು ಹೋಮ್‌ಸ್ಟೇಗಳಿಗೆ, ಕಾಫಿ ಪುಡಿ ಮಾರುವವರಿಗೆ, ಪೇಟೆಯ ಕೆಲವು ಅಂಗಡಿಗಳಿಗೆ ಇದೇ ಕೆಲಸ ಮಾಡುತ್ತೇನೆ. ನೆರವಿಗೆ ಹೊಸಬರು ಬೇಕಾದಾಗ ಅವರನ್ನು ಮಾತಾಡಿಸಿ ಆರಿಸಿಕೊಳ್ಳುವವನೂ ನಾನೇ. ಆಗ ನಾನು ನೋಡುವುದು ಒಂದನ್ನೇ: ಈ ವ್ಯಕ್ತಿ ಯಾವುದಾದರೂ ನಿಜವಾದ ವ್ಯಾಪಾರದ ಲೆಕ್ಕಕ್ಕೆ ಕೈಹಾಕಿದ್ದಾರೆಯೇ? ಅದು ಬೀದಿ ಬದಿಯ ಬೇಕರಿಯಾದರೂ ಸರಿ. ಇಷ್ಟು ಖರ್ಚಾಯಿತು, ಇಷ್ಟು ಜನ ವಿಚಾರಿಸಿದರು, ಇಷ್ಟು ಮಂದಿ ಕೊಂಡರು ಎಂದು ತಡವರಿಸದೆ ಹೇಳುವವರನ್ನು ನಾನು ಬಿಡುವುದಿಲ್ಲ. ನೀವು ಬಿ.ಕಾಂ. ಓದಿದವರು. ಖರ್ಚು, ಆದಾಯ, ಲಾಭ ಎಂದರೆ ನಿಮಗೆ ಹೇಳಿಕೊಡಬೇಕಾಗಿಲ್ಲ. ಈ ಕೆಲಸದ ಅರ್ಧ ಭಾಗ ಅದೇ. ಉಳಿದರ್ಧವನ್ನು ಒಂದು ಲ್ಯಾಪ್‌ಟಾಪ್, ಇಂಟರ್ನೆಟ್ ಮತ್ತು ನಿಮ್ಮನ್ನು ನಂಬಿ ಒಳಗೆ ಬಿಟ್ಟುಕೊಳ್ಳುವ ಒಬ್ಬ ಮಾಲೀಕ ಇದ್ದರೆ ಕಲಿಯಬಹುದು.

ಆ ಒಬ್ಬ ಮಾಲೀಕರನ್ನು ಹುಡುಕುವುದೇ ಮೊದಲ ಕೆಲಸ. ಹಾಸನದಲ್ಲಿ ಅವರಿಗೇನು ಬರ? ಸಕಲೇಶಪುರದ ಸುತ್ತ ತೋಟದ ಮನೆಗಳಿವೆ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅಲ್ಲಿನ ಊಟದ ಹೋಟೆಲುಗಳು, ವಸತಿಗೃಹಗಳು ಗೂಗಲ್ ನಕ್ಷೆಯಲ್ಲಿ ಹೇಗೆ ಕಾಣುತ್ತಿವೆ ಎಂದು ಇವತ್ತೇ ತೆರೆದು ನೋಡಿ. ಮುಚ್ಚಿದ ಅಂಗಡಿಯನ್ನು ‘ತೆರೆದಿದೆ’ ಎಂದು ತೋರಿಸುವುದು, ಬದಲಾದ ಫೋನ್ ನಂಬರ್, ಗಿರಾಕಿಯೊಬ್ಬ ಕತ್ತಲೆಯಲ್ಲಿ ತೆಗೆದ ಒಂದೇ ಒಂದು ಮಬ್ಬು ಚಿತ್ರ, ಇಂಥವು ಬೇಕಾದಷ್ಟು ಸಿಗುತ್ತವೆ. ಅಂಥ ಒಂದನ್ನು ಆರಿಸಿಕೊಂಡು ಮಾಲೀಕರ ಬಳಿ ಹೋಗಿ, ಅವರ ಮೊಬೈಲಿನಲ್ಲೇ ತೋರಿಸಿ. ‘ಮಾರ್ಕೆಟಿಂಗ್ ಮಾಡಿಕೊಡುತ್ತೇನೆ’ ಎನ್ನಬೇಡಿ. ‘ನಿಮ್ಮ ನಂಬರ್ ಇಲ್ಲಿ ತಪ್ಪಿದೆ, ಸರಿಮಾಡಿಕೊಡಲೇ?’ ಎಂದು ಕೇಳಿ. ಬೇಡ ಎನ್ನುವವರು ಕಡಿಮೆ.

ಇದಕ್ಕೆ ಬಳಸುವುದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ನಕ್ಷೆಯಲ್ಲೂ ಕಾಣುವ ವ್ಯಾಪಾರದ ವಿವರಗಳನ್ನು ಮಾಲೀಕರೇ ತುಂಬುವ ಪುಟ. ಹಣ ಕೊಡಬೇಕಾಗಿಲ್ಲ. ಸ್ಥಳೀಯ ಹುಡುಕಾಟದಲ್ಲಿ ಯಾರನ್ನು ಮೇಲೆ ತೋರಿಸಬೇಕು ಎಂಬುದಕ್ಕೆ ಗೂಗಲ್ ಹೇಳುವ ಕಾರಣಗಳು ಮೂರು: ಹುಡುಕಿದ್ದಕ್ಕೂ ವ್ಯಾಪಾರಕ್ಕೂ ಇರುವ ಹೊಂದಿಕೆ, ದೂರ, ಮತ್ತು ಆ ವ್ಯಾಪಾರಕ್ಕಿರುವ ಹೆಸರು. ದೂರ ನಿಮ್ಮ ಕೈಯಲ್ಲಿಲ್ಲ. ಹೊಂದಿಕೆ ಪೂರ್ತಿ ನಿಮ್ಮ ಕೈಯಲ್ಲಿದೆ: ಸರಿಯಾದ ವರ್ಗ, ವೇಳೆ, ಸೌಲಭ್ಯಗಳ ವಿವರ, ಒಳ್ಳೆಯ ಬೆಳಕಿನಲ್ಲಿ ತೆಗೆದ ಚಿತ್ರಗಳು. ಹೆಸರಿನ ಜಾಗದಲ್ಲಿ ‘ಬೆಸ್ಟ್ ಹೋಮ್‌ಸ್ಟೇ ಇನ್ ಸಕಲೇಶಪುರ’ ಎಂದೆಲ್ಲ ತುರುಕಬೇಡಿ; ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಹಾಕಬೇಕೆಂಬುದು ಗೂಗಲ್ ನಿಯಮ, ಮೀರಿದರೆ ಖಾತೆಯನ್ನೇ ತಡೆಹಿಡಿಯಬಹುದು. ಬಂದ ವಿಮರ್ಶೆಗಳಿಗೆ ಮಾಲೀಕರ ಪರವಾಗಿ ಉತ್ತರಿಸಿ, ಬೈಗುಳಕ್ಕಂತೂ ತಪ್ಪದೆ, ಸಮಾಧಾನದಿಂದ ಉತ್ತರಿಸಿ. ಹೊಸಬರು ಆ ಬೈಗುಳವನ್ನೂ ಓದುತ್ತಾರೆ, ಕೆಳಗಿನ ಉತ್ತರವನ್ನೂ ಓದುತ್ತಾರೆ. ನೆಂಟರಿಷ್ಟರಿಂದ ಐದು ನಕ್ಷತ್ರ ಹಾಕಿಸುವುದು, ವಿಮರ್ಶೆ ಬರೆದವರಿಗೆ ರಿಯಾಯಿತಿ ಕೊಡುವುದು ಎರಡೂ ನಿಯಮಕ್ಕೆ ವಿರುದ್ಧ, ನನ್ನ ಮಟ್ಟಿಗೆ ಮೋಸವೂ ಹೌದು. ಯಾರೇ ಹೇಳಿಕೊಟ್ಟರೂ ಅದಕ್ಕೆ ಕೈಹಾಕಬೇಡಿ.

ಸರಿಪಡಿಸುವ ಮುನ್ನ ಒಂದು ಸಣ್ಣ ಕೆಲಸ ಮರೆಯಬೇಡಿ: ಆ ಪ್ರೊಫೈಲ್‌ನ ಅಂಕಿಗಳನ್ನು, ಅಂದರೆ ಎಷ್ಟು ಕರೆ, ದಾರಿ ಕೇಳಿದವರು ಎಷ್ಟು, ಜಾಲತಾಣಕ್ಕೆ ಹೋದವರು ಎಷ್ಟು ಎಂಬುದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮೂರು ತಿಂಗಳ ನಂತರ ಮತ್ತೆ ತೆಗೆಯಿರಿ. ನಡುವೆ ಹಬ್ಬದ ರಜೆ ಬಂದಿದ್ದರೆ ಅದನ್ನೂ ಪಕ್ಕದಲ್ಲಿ ಬರೆದಿಡಿ, ಏಕೆಂದರೆ ರಜೆಯಿಂದ ಬಂದ ಗಿರಾಕಿಯನ್ನು ನಿಮ್ಮ ಸಾಧನೆ ಎಂದು ಹೇಳಿಕೊಳ್ಳುವುದು ನ್ಯಾಯವಲ್ಲ. ಈ ಒಂದು ಪುಟ ನಿಮ್ಮ ಮೊದಲ ಅನುಭವ ಪತ್ರ.

ಆಮೇಲೆ ಹಣ ಕೊಟ್ಟು ಹಾಕುವ ಜಾಹೀರಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೊಸಬರ ಕೈಯಲ್ಲಿ ಸಣ್ಣ ಮಾಲೀಕರ ದುಡ್ಡು ಸೋರಿಹೋಗುವುದು ಇಲ್ಲಿಯೇ.

ಮೂಡಿಗೆರೆ ಕಡೆಯ ಒಂದು ತೋಟದ ಹೋಮ್‌ಸ್ಟೇ ಎಂದುಕೊಳ್ಳಿ. ಗೂಗಲ್‌ನ ಜಾಹೀರಾತು ಸೇವೆಯಾದ ಗೂಗಲ್ ಆಡ್ಸ್‌ನಲ್ಲಿ ‘ಚಿಕ್ಕಮಗಳೂರು ಹೋಮ್‌ಸ್ಟೇ’ ಎಂಬ ಕೀವರ್ಡ್, ಅಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ಸೂಚಿಸುವ ಪದ, ಹಾಕಿದಿರಿ. ಕೆಲವು ದಿನ ಕಳೆದ ಮೇಲೆ ಜನ ನಿಜವಾಗಿ ಏನೆಂದು ಟೈಪ್ ಮಾಡಿದಾಗ ಜಾಹೀರಾತು ಕಾಣಿಸಿತು ಎಂಬ ವರದಿಯನ್ನು, ಅಂದರೆ ಸರ್ಚ್ ಟರ್ಮ್ಸ್ ವರದಿಯನ್ನು ತೆರೆಯಿರಿ. ಅಲ್ಲಿ ಕೋಣೆ ಹುಡುಕಿದವರ ಜೊತೆಗೆ ‘ಹೋಮ್‌ಸ್ಟೇ ಲೈಸೆನ್ಸ್ ಪಡೆಯುವುದು ಹೇಗೆ’ ಎಂದವರು, ‘ಹೋಮ್‌ಸ್ಟೇಯಲ್ಲಿ ಅಡುಗೆ ಕೆಲಸ’ ಹುಡುಕಿದವರು, ‘ಕಾಫಿ ತೋಟ ಮಾರಾಟಕ್ಕೆ’ ಎಂದವರು ಕಾಣಿಸಬಹುದು. ಅವರು ಒತ್ತಿದ ಪ್ರತಿ ಕ್ಲಿಕ್ಕಿಗೂ ಮಾಲೀಕರ ಹಣ ಹೋಗಿರುತ್ತದೆ. ‘ಲೈಸೆನ್ಸ್’, ‘ಕೆಲಸ’, ‘ಮಾರಾಟ’ ಇಂಥವನ್ನೆಲ್ಲ ನೆಗೆಟಿವ್ ಕೀವರ್ಡ್‌ಗಳ, ಅಂದರೆ ಜಾಹೀರಾತು ಕಾಣಿಸಬಾರದ ಪದಗಳ ಪಟ್ಟಿಗೆ ಸೇರಿಸಬೇಕು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ವಾರಕ್ಕೊಮ್ಮೆ ಈ ವರದಿ ನೋಡಿ ಕಳೆ ಕೀಳುವವರು ನಿಜವಾದ ಕೆಲಸಗಾರರು.

ಇನ್ನೊಂದು, ಸ್ಥಳದ ಆಯ್ಕೆ. ಹೋಮ್‌ಸ್ಟೇಗೆ ಬರುವವರು ಇರುವುದು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಮೈಸೂರಿನಲ್ಲಿ. ಹೋಮ್‌ಸ್ಟೇ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ ಎಂದು ಚಿಕ್ಕಮಗಳೂರಿನಲ್ಲಿರುವವರಿಗೆ ಮಾತ್ರ ಜಾಹೀರಾತು ತೋರಿಸಿದರೆ ಊರವರೇ ನೋಡುತ್ತಾರೆ. ಹಾಸನದ ಬೇಕರಿಗೆ ಇದು ಉಲ್ಟಾ: ಹಾಸನದಲ್ಲಿ ಇರುವವರಿಗೇ ಕಾಣಬೇಕು. ಆದರೆ ಗೂಗಲ್ ಆಡ್ಸ್ ಮೊದಲೇ ಗುರುತು ಹಾಕಿಟ್ಟಿರುವ ಆಯ್ಕೆಯಲ್ಲಿ ಆ ಸ್ಥಳದಲ್ಲಿ ಇರುವವರೂ ಸೇರುತ್ತಾರೆ, ಆ ಸ್ಥಳದ ಬಗ್ಗೆ ಆಸಕ್ತಿ ತೋರಿಸಿದವರೂ ಸೇರುತ್ತಾರೆ. ಬೇಕರಿಗಾಗಿ ಅದನ್ನು ತೆರೆದು ಬದಲಿಸಬೇಕು. ಒಂದು ಗುಂಡಿಯ ವಿಷಯ, ಆದರೆ ತಿಂಗಳ ಖರ್ಚು ಅದರ ಮೇಲೆ ನಿಂತಿರುತ್ತದೆ.

ಈಗ ನಿಮ್ಮ ಬಿ.ಕಾಂ. ಕೆಲಸಕ್ಕೆ ಬರುವ ಜಾಗ. ಲೆಕ್ಕಕ್ಕಾಗಿ ಕ್ಲಿಕ್ಕಿಗೆ ₹15 ಎಂದಿಟ್ಟುಕೊಳ್ಳಿ, 200 ಕ್ಲಿಕ್‌ಗೆ ₹3,000. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ₹540, ಒಟ್ಟು ₹3,540. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾಲೀಕರಿಗೆ ಆ ತೆರಿಗೆಯೂ ಪೂರ್ತಿ ಖರ್ಚೇ. 200 ಮಂದಿಯಲ್ಲಿ 10 ಮಂದಿ ಕರೆ ಮಾಡಿ 2 ಮಂದಿ ಬೇರೆಬೇರೆಯಾಗಿ ಬುಕ್ ಮಾಡಿ ಬಂದು ತಂಗಿದರೆ ಒಂದು ಬುಕಿಂಗ್‌ಗೆ ತಗುಲಿದ್ದು ₹1,770. ಒಂದೊಂದು ಬುಕಿಂಗ್‌ನ ಕುಟುಂಬ ₹6,000 ಕೊಟ್ಟಿತು, ಊಟ, ಸೌದೆ, ಕೆಲಸದವರ ಕೂಲಿ ಕಳೆದು ₹2,500 ಉಳಿಯಿತು ಎಂದರೆ, ಜಾಹೀರಾತನ್ನೂ ಕಳೆದ ಮೇಲೆ ಮಾಲೀಕರ ಕೈಗೆ ₹730. ಇದು ಸಾಕೇ? ಬುಕಿಂಗ್ ತಾಣಕ್ಕೆ ಕೊಡುವ ಕಮಿಷನ್‌ಗಿಂತ ಈ ಜಾಹೀರಾತಿನ ಖರ್ಚು ಹೆಚ್ಚೋ ಕಡಿಮೆಯೋ? ಬಂದವರು ಮುಂದಿನ ವರ್ಷ ನೇರವಾಗಿ ಫೋನ್ ಮಾಡುತ್ತಾರೆಯೇ? ಈ ಮೂರು ಪ್ರಶ್ನೆಯನ್ನು ಮಾಲೀಕರ ಎದುರು ಕೂತು ಲೆಕ್ಕ ಹಾಕಿ ಹೇಳಬಲ್ಲವರಾದರೆ ನೀವು ಹೊಸಬರೆಂದು ಯಾರೂ ಹೇಳುವುದಿಲ್ಲ. ಲೈಕ್, ಫಾಲೋವರ್, ವ್ಯೂ ಎಂದು ಮಾತ್ರ ವರದಿ ಕೊಡುವ ಎಷ್ಟೋ ಹಳಬರು ಈ ಲೆಕ್ಕ ಮಾಡುವುದೇ ಇಲ್ಲ, ಅದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಲೆಕ್ಕ ಸರಿಯಿದ್ದರೂ ಕೆಲಸ ಕೆಡುವ ಇನ್ನೊಂದು ಜಾಗವಿದೆ: ಫೋನ್ ಎತ್ತುವವರು ಯಾರು? ಮಲೆನಾಡಿನ ತೋಟಗಳಲ್ಲಿ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ. ಮಾಲೀಕರು ಬೆಳಿಗ್ಗೆ ತೋಟಕ್ಕಿಳಿದರೆ ಸಂಜೆಯೇ ಮನೆಗೆ ಬರುವುದು. ಜಾಹೀರಾತು ಹಗಲೆಲ್ಲ ಓಡುತ್ತಿರುತ್ತದೆ, ಕರೆ ಬಂದು ತಪ್ಪಿಹೋಗುತ್ತಿರುತ್ತದೆ, ಕರೆದವರು ಪಕ್ಕದ ಹೋಮ್‌ಸ್ಟೇಗೆ ಹೋಗಿರುತ್ತಾರೆ. ಫೋನ್ ಎತ್ತುವ ಹೊತ್ತಿಗೆ ಮಾತ್ರ ಜಾಹೀರಾತು ಕಾಣುವಂತೆ ವೇಳಾಪಟ್ಟಿ ಹಾಕಬಹುದು. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ‘ತೋಟದಲ್ಲಿದ್ದೇವೆ, ಸಂಜೆ ಕರೆ ಮಾಡುತ್ತೇವೆ, ದರ ಮತ್ತು ದಾರಿ ಇಲ್ಲಿದೆ’ ಎಂಬ ಉತ್ತರ ತಾನಾಗಿಯೇ ಹೋಗುವಂತೆ ಇಡಬಹುದು. ಇದನ್ನು ಗಮನಿಸಲು ಮಾಲೀಕರ ಮನೆಯ ಜಗಲಿಯಲ್ಲಿ ಒಂದು ದಿನ ಕೂರಬೇಕು. ಬೆಂಗಳೂರಿನಲ್ಲಿ ಕೂತ ಏಜೆನ್ಸಿಗೆ ಆಗದ್ದು ನಿಮಗೆ ಆಗುತ್ತದೆ.

ಊರಿನವರಿಗೇ ಗೊತ್ತಿರುವ ಇನ್ನೊಂದು ಉದಾಹರಣೆ ಕೊಡುತ್ತೇನೆ. ಬೇಸಗೆಯಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂವು ಅರಳುತ್ತದೆ, ಎರಡು ಮೂರು ದಿನ ನಿಂತು ಹೋಗಿಬಿಡುತ್ತದೆ. ಮಳೆ ಬಿದ್ದ ದಿನವೇ ಹಳೆಯ ಅತಿಥಿಗಳಿಗೆ ‘ಮುಂದಿನ ವಾರ ತೋಟ ಬೆಳ್ಳಗಾಗುತ್ತದೆ, ಬರುತ್ತೀರಾ?’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿದರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ? ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ, ಹಾಗಾಗಿ ಅತಿಥಿಗಳು ಹೊರಡುವಾಗಲೇ ನಂಬರ್ ಉಳಿಸಿಕೊಳ್ಳಲು ಹೇಳಬೇಕು. ಎಐ ಸಾಧನಗಳು ಒಂದು ನಿಮಿಷದಲ್ಲಿ ಹತ್ತು ಶೀರ್ಷಿಕೆ ಬರೆದುಕೊಡುತ್ತವೆ, ಬಳಸಿಕೊಳ್ಳಿ. ಆದರೆ ನಿನ್ನೆ ರಾತ್ರಿ ಆಲ್ದೂರಿನಲ್ಲಿ ಮಳೆ ಬಿತ್ತೇ ಎಂಬುದು ಆಲ್ದೂರಿನವರಿಗೇ ಗೊತ್ತು.

ಕನ್ನಡ ಚೆನ್ನಾಗಿ ಬರೆಯಲು ಬಂದರೆ ಅದಕ್ಕೂ ಬೆಲೆಯಿದೆ. ಅನುವಾದ ಯಂತ್ರದಿಂದ ತೆಗೆದು ಹಾಕಿದ ಕನ್ನಡ ಜಾಹೀರಾತನ್ನು ಓದಿದವರಿಗೆ ಆ ವ್ಯಾಪಾರದ ಮೇಲೆ ವಿಶ್ವಾಸ ಹುಟ್ಟುವುದಿಲ್ಲ. ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಸಿದ ಕರಪತ್ರವನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಅಕ್ಷರಗಳು ಕಲಸಿಹೋಗುತ್ತವೆ. ಎಲ್ಲ ಸಾಧನಗಳಲ್ಲೂ ಸರಿಯಾಗಿ ಕಾಣುವ ಯೂನಿಕೋಡ್ ಅಕ್ಷರಗಳಿಗೆ ಪರಿವರ್ತಿಸಿ, ಒಮ್ಮೆ ಪೂರ್ತಿ ಓದಿ ತಿದ್ದಬೇಕು. ಬರೆಯುವುದರಲ್ಲಿ ಸತ್ಯವೂ ಇರಲಿ. ಕಾಫಿ ಪುಡಿಯಲ್ಲಿ ಚಿಕೋರಿ ಬೆರೆಸಿದ್ದರೆ ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ಹಾಕಲೇಬೇಕೆಂದು ಕಾನೂನಿದೆ. ಜಾಹೀರಾತಿನಲ್ಲಿ ಅದನ್ನೇ ‘ಅಪ್ಪಟ ಕಾಫಿ’ ಎಂದು ಬರೆಯಲು ಹೇಳಿದರೆ ಒಪ್ಪಬೇಡಿ. ಮಾಲೀಕರಿಗೆ ತಿಳಿಸಿ ಹೇಳಿ, ಕೇಳುವುದಿಲ್ಲವೆಂದರೆ ಕೆಲಸವನ್ನೇ ಬಿಡಿ.

ಕಲಿಕೆಗೆ ಹಣ ಬೇಡ. ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಗೂಗಲ್ ಆಡ್ಸ್ ಪಾಠ, ಪರೀಕ್ಷೆ ಎರಡೂ ಉಚಿತ. ಸರ್ಚ್ ಪರೀಕ್ಷೆಯಲ್ಲಿ ಶೇ 80 ಅಂಕ ಬಂದರೆ ಪ್ರಮಾಣಪತ್ರ ಸಿಗುತ್ತದೆ, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಹಬ್‌ಸ್ಪಾಟ್ ಅಕಾಡೆಮಿ, ಮೆಟಾ ಬ್ಲೂಪ್ರಿಂಟ್‌ನಲ್ಲೂ ಉಚಿತ ಪಾಠಗಳಿವೆ. ಜಾಲತಾಣಕ್ಕೆ ಬಂದವರ ಲೆಕ್ಕ ತೋರಿಸುವ ಗೂಗಲ್ ಅನಲಿಟಿಕ್ಸ್ ಕಲಿಯಲು ಸ್ವಂತ ಜಾಲತಾಣವೇ ಬೇಕೆಂದಿಲ್ಲ; ಗೂಗಲ್‌ನ ಸರಕು ಮಳಿಗೆಯ ನಿಜವಾದ ಅಂಕಿಗಳಿರುವ ಡೆಮೊ ಖಾತೆ ಎಲ್ಲರಿಗೂ ತೆರೆದಿದೆ. ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ನಿಮಗೆ ಲೆಕ್ಕ ಹಿಡಿಸುತ್ತದೆಯಾದರೆ ಸರ್ಚ್ ಜಾಹೀರಾತು ಹಿಡಿಯಿರಿ, ಬರವಣಿಗೆ ಹಿಡಿಸುತ್ತದೆಯಾದರೆ ಎಸ್‌ಇಒ, ಅಂದರೆ ಜಾಹೀರಾತಿಗೆ ಹಣ ಕೊಡದೆಯೇ ಜಾಲತಾಣ ಹುಡುಕಾಟದಲ್ಲಿ ಮೇಲೆ ಬರುವಂತೆ ಮಾಡುವ ಕೆಲಸ, ಹಿಡಿಯಿರಿ.

ಮುಂದೆ ಎಂದಾದರೂ ತರಗತಿಗೆ ಸೇರಲೇಬೇಕು ಎನಿಸಿದರೆ ಎರಡು ವಿಷಯ ವಿಚಾರಿಸಿ. ಪಠ್ಯದಲ್ಲಿ ಇನ್ನೂ ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿಯಾದ ಯೂನಿವರ್ಸಲ್ ಅನಲಿಟಿಕ್ಸ್ ಇದೆಯೇ? ಅದು ಹೊಸ ಅಂಕಿ ದಾಖಲಿಸುವುದನ್ನು 2023ರ ಜುಲೈ 1ಕ್ಕೇ ನಿಲ್ಲಿಸಿದೆ, ಇದ್ದರೆ ಅಲ್ಲಿಂದ ಎದ್ದು ಬನ್ನಿ. ‘ಕೆಲಸ ಗ್ಯಾರಂಟಿ’ ಎಂಬುದನ್ನು, ಸಿಗದಿದ್ದರೆ ಹಣ ಎಷ್ಟು ದಿನದಲ್ಲಿ ವಾಪಸ್ ಎಂಬುದರ ಸಮೇತ, ಬರವಣಿಗೆಯಲ್ಲಿ ಕೊಡುತ್ತಾರೆಯೇ? ಬಾಯಿಮಾತಿನ ಗ್ಯಾರಂಟಿಗೆ ಮನೆಯವರನ್ನು ಸಾಲಕ್ಕೆ ತಳ್ಳಬೇಡಿ.

ಮೊದಲ ಮಾಲೀಕರ ಬಳಿ ಏನು ಕೇಳಬೇಕು ಎಂಬುದೂ ಮುಖ್ಯ. ಪೂರ್ತಿ ಉಚಿತವಾಗಿ ಕೊನೆಯಿಲ್ಲದೆ ಮಾಡಬೇಡಿ. ಮೂರು ತಿಂಗಳು ಎಂದು ಗಡುವು ಹಾಕಿ, ಓಡಾಟದ ಖರ್ಚು ಕೇಳಿ, ಆಮೇಲೆ ತಿಂಗಳ ಸಂಭಾವನೆ ಎಂದು ಮೊದಲೇ ಮಾತಾಡಿಕೊಳ್ಳಿ. ಅವರ ಪಾಸ್‌ವರ್ಡ್ ಕೇಳಬೇಡಿ. ಪ್ರೊಫೈಲ್‌ಗೂ ಆಡ್ಸ್‌ಗೂ ನಿಮ್ಮ ಇಮೇಲ್‌ಗೆ ಬೇರೆಯಾಗಿ ಪ್ರವೇಶ ಕೊಡಿಸಿಕೊಳ್ಳಬಹುದು. ಒಡೆತನ ಅವರ ಹೆಸರಿನಲ್ಲೇ ಇರಲಿ, ಜಾಹೀರಾತಿನ ಹಣ ಅವರ ಕಾರ್ಡಿನಿಂದಲೇ ಹೋಗಲಿ. ನೀವು ಬೆಂಗಳೂರಿಗೆ ಕೆಲಸಕ್ಕೆ ಹೊರಟ ದಿನ ಅವರ ವ್ಯಾಪಾರ ನಿಲ್ಲಬಾರದು. ಹೊರಡುವಾಗ ಆ ಲೆಕ್ಕದ ಪುಟವನ್ನು ನಿಮ್ಮ ಅರ್ಜಿಗೆ ಲಗತ್ತಿಸಲು ಅವರ ಒಪ್ಪಿಗೆಯನ್ನೂ ಪಡೆಯಿರಿ.

ಮಳೆಗಾಲ ಇದಕ್ಕೆ ಒಳ್ಳೆಯ ಸಮಯ. ವಾರದ ನಡುವೆ ಸಕಲೇಶಪುರದ ಕಡೆಯ ಮಾಲೀಕರಿಗೆ ಕೂತು ಮಾತಾಡಲು ಬಿಡುವಿರುತ್ತದೆ, ದಸರಾ ರಜೆಗೆ ಮುಂಚೆ ಪ್ರೊಫೈಲ್ ಸರಿಪಡಿಸಲು ಸಾಕಷ್ಟು ದಿನ ಸಿಗುತ್ತದೆ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾದರೆ ಆಮೇಲೆ ಅವರು ನಿಮಗೆ ಸಿಗುವುದಿಲ್ಲ.