ಕಾಗದಪತ್ರ ಆಮೇಲೆ ನೋಡಿದರಾಯಿತು, ಮೊದಲು ಅಜ್ಜಿಯ ಹತ್ತಿರ ಕೂತ್ಕೊಳ್ಳಿ

ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದ ಅಜ್ಜಿಯ ಬದುಕು ಬರೆದಿಡಬೇಕು, ಮೊದಲು ದಾಖಲೆ ಎಲ್ಲ ಕೂಡಿಸಿಕೊಂಡು ಆಮೇಲೆ ಅವರನ್ನು ಮಾತಾಡಿಸಲಾ ಅಂತ ಕೇಳಿದ್ದೀರಿ. ಬೇಡ. ನಾನು ಹಾಗೇ ಮಾಡಿ ಕಳೆದುಕೊಂಡವಳು.

ನನ್ನ ಗಂಡನ ಅಜ್ಜಿ ಲಾಟ್ವಿಯಾದವರು. ಅಲ್ಲಿನ ಮನೆಗಳಲ್ಲಿ ಅಜ್ಜಿಗೆ ‘ಒಮೆ’ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ ನರ್ಸಿಂಗ್ ಕಲಿತವರು. 1941ರ ಜೂನ್ 14ರಂದು ಸೋವಿಯತ್ತಿನವರು ಅಲ್ಲಿನ 15,000ಕ್ಕೂ ಹೆಚ್ಚು ಜನರನ್ನು ರೈಲಿಗೆ ತುಂಬಿ ದೂರ ಸಾಗಿಸಿದ್ದನ್ನು ಕಂಡಿದ್ದರು. 1944ರ ಅಕ್ಟೋಬರ್‌ನಲ್ಲಿ ಸೋವಿಯತ್ ಸೇನೆ ಮತ್ತೆ ರೀಗಾಕ್ಕೆ ಬಂದಾಗ ಕಾಯಲಿಲ್ಲ. ಲಿಯೆಪಾಯ ಬಂದರಿನಲ್ಲಿ ಹಡಗು ಹತ್ತಿ ಜರ್ಮನಿಗೆ ಹೋದರು. ಯುದ್ಧ ಮುಗಿದ ಮೇಲೆ ಎಸ್ಲಿಂಗೆನ್‌ನ ನಿರಾಶ್ರಿತರ ಶಿಬಿರ. ಇಂಥವರನ್ನು ಸೇರಿಸಿಕೊಳ್ಳಲು ಅಮೆರಿಕ 1948ರಲ್ಲಿ ಕಾನೂನು ಮಾಡಿತು. ಆದರೆ ಅವರ ಕೆಲಸಕ್ಕೂ ಮನೆಗೂ ಅಲ್ಲಿ ಯಾರಾದರೂ ಜವಾಬ್ದಾರಿ ಹೊರಬೇಕಿತ್ತು. ಮಿನೆಸೋಟ ರಾಜ್ಯದ ಒಂದು ಲೂಥರನ್ ಚರ್ಚಿನವರು ಹೊತ್ತರು, ಒಮೆ 1950ರಲ್ಲಿ ಇಲ್ಲಿಗೆ ಬಂದರು. ರೀಗಾದ ಸರ್ಟಿಫಿಕೇಟು ಇಲ್ಲಿ ನಡೆಯಲಿಲ್ಲ. ಬೆಡ್‌ಪ್ಯಾನ್ ತೊಳೆಯುವ ಕೆಲಸಕ್ಕೆ ಸೇರಿ, ಮತ್ತೆ ಓದಿ, ಪರೀಕ್ಷೆ ಪಾಸು ಮಾಡಿ, ಕೊನೆಗೆ ಅದೇ ಆಸ್ಪತ್ರೆಯ ನರ್ಸುಗಳಿಗೆಲ್ಲ ಮುಖ್ಯಸ್ಥರಾದರು.

ನೋಡಿ, ಯುದ್ಧದ ಬಗ್ಗೆ ಇಷ್ಟು ಹೇಳಿದೆ. ಮೂವತ್ತೈದು ವರ್ಷದ ನರ್ಸಿಂಗ್ ಬಗ್ಗೆ ಒಂದೇ ವಾಕ್ಯ. ನನ್ನ ತಪ್ಪು ಇದೇ.

ಆರೊಲ್ಸನ್ ಆರ್ಕೈವ್ಸ್ ಅಂತ ಜರ್ಮನಿಯಲ್ಲಿದೆ, ನಾಜಿಗಳ ಕೈಗೆ ಸಿಕ್ಕವರ, ಯುದ್ಧದಲ್ಲಿ ನೆಲೆ ತಪ್ಪಿದವರ ದಾಖಲೆಗಳು ಅಲ್ಲಿವೆ. 2019ರ ಚಳಿಗಾಲವೆಲ್ಲ ಅದರಲ್ಲೇ ಮುಳುಗಿದ್ದೆ. ಒಮೆಯ ಶಿಬಿರದ ಕಾರ್ಡು ಸಿಕ್ಕಿತು. ಹುಟ್ಟಿದೂರು, ಧರ್ಮ, ಬರುವ ಭಾಷೆಗಳು, ಹೋಗಬೇಕೆಂದಿರುವ ದೇಶ. ವೃತ್ತಿ ಅನ್ನುವ ಕಡೆ ‘ನರ್ಸ್’ ಅಂತ ಒಂದೇ ಪದ. ಆಮೇಲೆ ನಾಲ್ಕು ಭಾನುವಾರ ಅವರ ಅಡುಗೆಮನೆಯಲ್ಲಿ ಕೂತು ಆರು ಗಂಟೆ ರೆಕಾರ್ಡ್ ಮಾಡಿದೆ. ಹಡಗಿನಲ್ಲಿ ಎಷ್ಟು ಜನ, ಶಿಬಿರದಲ್ಲಿ ಊಟ ಏನು, ಎಲ್ಲ ಕೇಳಿದೆ. ನನ್ನ ಪ್ರಶ್ನೆಗಳೆಲ್ಲ ಕಾಗದದಿಂದ ಹುಟ್ಟಿದವು. ಕಾಗದ 1950ಕ್ಕೆ ಮುಗಿಯುತ್ತದೆ, ನನ್ನ ಪ್ರಶ್ನೆಗಳೂ ಅಲ್ಲಿಗೇ ಮುಗಿದವು. ಜೊತೆಗೆ ನಾನೂ ನರ್ಸೇ. ಮಂಗಳೂರಿನಲ್ಲಿ ಕಲಿತು ಇಲ್ಲಿಗೆ ಬಂದವಳು. ವಾರ್ಡಿನ ವಿಷಯ ನನಗೆ ಗೊತ್ತಿರೋದೇ ಅಲ್ವಾ ಅಂದುಕೊಂಡೆ. ಗೊತ್ತಿತ್ತು, ನನ್ನ ವಾರ್ಡಿನದು.

ಮೂರನೇ ಭಾನುವಾರದ ರೆಕಾರ್ಡಿಂಗಿನಲ್ಲಿ ಒಮೆ ತಾವಾಗೇ ಶುರು ಮಾಡುತ್ತಾರೆ: “ಇಲ್ಲಿ ನನ್ನ ಮೊದಲ ನೈಟ್ ಡ್ಯೂಟಿ ದಿನ…” ನಾನು ನಡುವೆ ಬಾಯಿ ಹಾಕುತ್ತೇನೆ. “ಒಮೆ, ಅದು ಆಮೇಲೆ. ಶಿಬಿರದ ಆಸ್ಪತ್ರೆ ಬಗ್ಗೆ ಹೇಳಿ.” ಅವರು “ಸರಿ” ಅನ್ನುತ್ತಾರೆ. ಕಪ್ಪಿಗೆ ಕಾಫಿ ಬಗ್ಗಿಸಿದ ಸದ್ದು ಕೇಳುತ್ತದೆ. ಅಷ್ಟೇ. ಆ ಜಾಗವನ್ನು ಎಷ್ಟು ಸಲ ಕೇಳಿದ್ದೇನೋ.

2021ರಲ್ಲಿ ಹೋಗಿಬಿಟ್ಟರು.

ಮಣ್ಣಿಗೆ ಬಂದ ರಿಟೈರ್ಡ್ ನರ್ಸುಗಳಿಂದ ನನಗೆ ಒಮೆ ಯಾರು ಅಂತ ಗೊತ್ತಾಯಿತು. ಡಾಕ್ಟರ್ ಬಂದರೆ ನರ್ಸುಗಳು ಎದ್ದು ಕುರ್ಚಿ ಬಿಟ್ಟುಕೊಡಬೇಕಿತ್ತಂತೆ. ಅದನ್ನು ತಮ್ಮ ವಾರ್ಡಿನಲ್ಲಿ ಮೊದಲು ನಿಲ್ಲಿಸಿದ್ದು ಇವರು. ಹೊಸ ಹುಡುಗಿಯರನ್ನು ರೋಗಿಯ ಮಂಚದ ಪಕ್ಕ ನಿಲ್ಲಿಸಿ, ಚಾರ್ಟ್ ಮುಟ್ಟುವ ಮೊದಲು ಒಂದು ಪೂರ್ತಿ ನಿಮಿಷ ಉಸಿರು ಎಣಿಸಲು ಹೇಳುತ್ತಿದ್ದರಂತೆ. ಎದೆಗೆ ಪಿನ್ ಮಾಡುವ ಸ್ಟೀಲಿನ ಗಡಿಯಾರ, ತಲೆಕೆಳಗಾಗಿ ನೇತಾಡುವಂಥದ್ದು, ಅವರ ಡ್ರಾಯರಿನಲ್ಲಿ ಎಷ್ಟೋ ಸಲ ನೋಡಿದ್ದೆ. ಆ ಮನೆಯಲ್ಲಿ ವರ್ಷಗಟ್ಟಲೆ ಪೀರಾಗಿ, ಅಂದರೆ ಒಳಗೆ ಮಾಂಸ ತುಂಬಿದ ಲಾಟ್ವಿಯಾದ ಪುಟ್ಟ ಬನ್ನು, ತಿಂದಿದ್ದೇನೆ. ಆ ಗಡಿಯಾರದ ಬಗ್ಗೆ ಒಂದು ಮಾತು ಕೇಳಲಿಲ್ಲ.

ಹಾಗಾಗಿ ದಾಖಲೆ ಬಿಡಿ. ಸರ್ವಿಸ್ ರಿಜಿಸ್ಟರು, ನರ್ಸಿಂಗ್ ಕೌನ್ಸಿಲಿನ ನೋಂದಣಿ ಎಲ್ಲ ಮುಂದೆಯೂ ಹುಡುಕಬಹುದು. ಈ ಭಾನುವಾರವೇ ಹೋಗಿ. ‘ನಿಮ್ಮ ಸಾಧನೆ ಹೇಳಿ’ ಅಂತ ಮಾತ್ರ ಕೇಳಬೇಡಿ, ಯಾವ ಅಜ್ಜಿಯೂ ಅದಕ್ಕೆ ಬಾಯಿ ಬಿಡುವುದಿಲ್ಲ. ಇಂಜೆಕ್ಷನ್ ಹಾಕಲು ಕಲಿಸಿದ್ದು ಯಾರು, ಡಾಕ್ಟರೇ ಇಲ್ಲದ ರಾತ್ರಿ ಏನು ಮಾಡಿದರು, ಡ್ಯೂಟಿ ಹಾಕುವಾಗ ಯಾರು ಜಗಳ ಆಡುತ್ತಿದ್ದರು ಅಂತ ಕೇಳಿ. ಅವರ ಕೈಕೆಳಗೆ ಕೆಲಸ ಮಾಡಿದವರ ಫೋನ್ ನಂಬರ್ ಈಗಲೇ ಬರೆದುಕೊಳ್ಳಿ, ಅವರಿಗೂ ವಯಸ್ಸಾಗಿರುತ್ತದೆ. ಅಜ್ಜಿ ತಾವಾಗೇ “ಒಂದ್ಸಲ ನೈಟ್ ಡ್ಯೂಟೀಲಿ…” ಅಂತ ಶುರು ಮಾಡಿದರೆ, ಕೈಯಲ್ಲಿರುವ ಪ್ರಶ್ನೆಗಳ ಹಾಳೆ ಮಡಚಿಟ್ಟುಬಿಡಿ.