‘ಶೋಲೆ’ ಎಲ್ಲಿಂದ ಬಂತು ಎಂದು ಕೇಳುವವರಿಗೆ

‘ಶೋಲೆ’ ಹೊರದೇಶದ ಚಿತ್ರಗಳ ನಕಲಾಗಿದ್ದರೆ 50 ವರ್ಷ ಹೇಗೆ ಉಳಿಯಿತು, ಅದಕ್ಕಿಂತ ಮೊದಲು ಆ ಮೂಲ ಚಿತ್ರಗಳನ್ನು ನೋಡಬೇಕೇ ಎಂದು ಕೇಳಿದ್ದೀರಿ. ಕಾಲೇಜಿನ ದಿನಗಳಲ್ಲಿ ನಾನೂ ಇದೇ ‘ನಕಲು’ ಎಂಬ ಮಾತನ್ನು ಹಿಡಿದುಕೊಂಡು ತಿರುಗುತ್ತಿದ್ದೆ.

ರಾಮನಗರದಲ್ಲಿದ್ದ ನನ್ನ ಸೋದರಮಾವ ಹುಡುಗನಾಗಿದ್ದಾಗ ಅಲ್ಲೇ ನಡೆದ ‘ಶೋಲೆ’ಯ ಚಿತ್ರೀಕರಣವನ್ನು ಬಂಡೆಯ ಮೇಲೆ ಕುಳಿತು ನೋಡಿದವರು. ಒಂದು ಹಬ್ಬದ ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕುಳಿತವರು, “ದಿನಾ ಸಂಜೆ ದೀಪ ಹಚ್ಚೋರು, ಆರಿಸೋರು, ಮಾರನೇ ದಿನ ಮತ್ತೆ ಅದೇ ಕಣೋ” ಎಂದು ಶುರುಮಾಡಿದರು. ನಾನು ಮುಂದುವರಿಯಲು ಬಿಡಲಿಲ್ಲ. ದರೋಡೆಕೋರರಿಂದ ಹಳ್ಳಿಯನ್ನು ಕಾಯಲು ಹೊರಗಿನವರನ್ನು ಕರೆತರುವುದು ಜಪಾನಿನ ನಿರ್ದೇಶಕ ಕುರೊಸಾವಾರ ‘ಸೆವೆನ್ ಸಮುರಾಯ್’ನದು, ಮನೆಯವರೆಲ್ಲರ ಕೊಲೆಯಾಗುವ ದೃಶ್ಯ ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆಯದು ಎಂದು ಪಟ್ಟಿ ಒಪ್ಪಿಸಿದೆ. ಮಾವ, “ಓದಿದವನು, ನಿಂಗೆ ಗೊತ್ತಿರುತ್ತೆ ಬಿಡು” ಎಂದು ಎಲೆಯಡಿಕೆಯ ತಟ್ಟೆ ಎಳೆದುಕೊಂಡರು. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಪಟ್ಟಿ ಪತ್ರಿಕೆಗಳಲ್ಲಿ ಓದಿದ್ದಾಗಿತ್ತು. ‘ಶೋಲೆ’ಯನ್ನೋ ಟಿವಿಯಲ್ಲಿ, ಜಾಹೀರಾತುಗಳ ನಡುವೆ, ತುಂಡುತುಂಡಾಗಿ ಮಾತ್ರ ಕಂಡಿದ್ದೆ. ಬೇರು ಎಲ್ಲಿದೆ ಎಂದು ತಿಳಿದರೆ ಮರವನ್ನೇ ತಿಳಿದಂತೆ ಎಂದುಕೊಂಡು, ಚಿತ್ರವನ್ನು ನೆಟ್ಟಗೆ ನೋಡದ ನಾನು, ಅದು ತಯಾರಾಗುವುದನ್ನೇ ಕಣ್ಣಾರೆ ಕಂಡವರ ಬಾಯಿ ಮುಚ್ಚಿಸಿದೆ. ಕೇಳಬೇಕೆಂದು ಮನಸ್ಸಾದಾಗ ಹೇಳುವವರೇ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಮೊದಲ ಭಾಗವನ್ನೇ ನಾನು ಒಪ್ಪುವುದಿಲ್ಲ. ಚಿತ್ರಕಥೆ ಬರೆದ ಸಲೀಂ–ಜಾವೇದ್ ಮೊದಲಿಗೆ ಹೆಣೆದದ್ದು ನಾಲ್ಕೇ ಸಾಲಿನ ಎಳೆ. ಅದರಲ್ಲಿ, ಮನೆಯವರನ್ನು ಕಳೆದುಕೊಳ್ಳುವ ಠಾಕೂರ್ ನಿವೃತ್ತ ಸೇನಾಧಿಕಾರಿಯಾಗಿದ್ದ, ಪೊಲೀಸ್ ಅಧಿಕಾರಿಯಾದದ್ದು ಆಮೇಲೆ. ಅವರನ್ನು ಕೊಲ್ಲುವ ದರೋಡೆಕೋರನ ಗಬ್ಬರ್ ಎಂಬ ಹೆಸರು 1950ರ ದಶಕದಲ್ಲಿ ಗ್ವಾಲಿಯರ್ ಸುತ್ತಮುತ್ತ ನಿಜವಾಗಿಯೂ ಇದ್ದ ಡಕಾಯಿತನದು. ಕೊಲೆಯ ದೃಶ್ಯಕ್ಕೆ ಲಿಯೋನೆಯ ಋಣ ಇರುವುದು ನಿಜ. ಆದರೆ ಠಾಕೂರ್ ಮನೆಗೆ ಬಂದ ಮೇಲೆ ಸಾಲಾಗಿ ಮಲಗಿಸಿದ ಹೆಣಗಳ ಬಿಳಿ ಹೊದಿಕೆಯನ್ನು ಗಾಳಿ ಎತ್ತಿ ಸರಿಸುವುದು, ಖಾಲಿ ಉಯ್ಯಾಲೆ ಕಿರುಗುಟ್ಟುವುದು, ಸುತ್ತ ಮೌನ ಕವಿದಿರುವುದು, ಇವು ನಿರ್ದೇಶಕ ರಮೇಶ್ ಸಿಪ್ಪಿಯವರವು. ಆ ಸದ್ದನ್ನು ಚಿತ್ರಮಂದಿರದ ಕತ್ತಲಲ್ಲಿ ಕೇಳಿದವರು ಮರೆಯಲಾರರು, ಚಿತ್ರ ಉಳಿದಿರುವುದೂ ಇಂಥವುಗಳಿಂದಲೇ.

ಮೂಲ ಚಿತ್ರಗಳನ್ನು ಆಮೇಲೆ ನೋಡಿ. ಮೊದಲು ‘ಶೋಲೆ’ಯನ್ನು ದೊಡ್ಡ ಪರದೆಯ ಮೇಲೆ ನೋಡಿ, ಫೋನಿನಲ್ಲಿ ಖಂಡಿತ ಬೇಡ. ಸಾಧ್ಯವಾದರೆ ಠಾಕೂರ್ ಗಬ್ಬರನನ್ನು ಕೊಲ್ಲುವ ಅಂತ್ಯವಿರುವ ಪ್ರತಿಯನ್ನೇ ಹುಡುಕಿ. ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ, 1975ರಲ್ಲಿ, ಸೆನ್ಸಾರ್ ಮಂಡಳಿ ಒಪ್ಪದೆ ಪೊಲೀಸರು ಬಂದು ತಡೆಯುವಂತೆ ಬದಲಿಸಬೇಕಾಯಿತು.

ನಾನು ‘ಶೋಲೆ’ಯನ್ನು ಪೂರ್ತಿಯಾಗಿ ನೋಡಿದ್ದು ಮಾವ ಹೋದ ಎಷ್ಟೋ ವರ್ಷಗಳ ಮೇಲೆ, ಮರುಬಿಡುಗಡೆಯಾದಾಗ. ಠಾಕೂರ್ ಕರೆತಂದ ಇಬ್ಬರಲ್ಲಿ ಒಬ್ಬನಾದ ಜೈ ಹೊರಗೆ ಕುಳಿತು ಮೌತ್ ಆರ್ಗನ್ ನುಡಿಸುತ್ತಾನೆ, ಠಾಕೂರ್‌ನ ವಿಧವೆ ಸೊಸೆ, ಬಿಳಿ ಸೀರೆಯ ರಾಧಾ ಮೇಲಿನ ಮೊಗಸಾಲೆಯಲ್ಲಿ ಒಂದೊಂದೇ ದೀಪವನ್ನು ಆರಿಸುತ್ತ ಹೋಗುತ್ತಾಳೆ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರಿಗೆ ಬೇಕಾಗಿದ್ದದ್ದು ಸೂರ್ಯ ಮುಳುಗಿ ಕತ್ತಲಾಗುವ ನಡುವಿನ ಬೆಳಕು. ಅದು ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿದ್ದುದರಿಂದ ಆ ಪುಟ್ಟ ದೃಶ್ಯಕ್ಕೆ ದಿನಗಟ್ಟಲೆ ಹಿಡಿಯಿತು. ಮಾವ ಜಗಲಿಯಲ್ಲಿ ಶುರುಮಾಡಿದ್ದು ಇದನ್ನೇ.