ಭೂತಾನದ ಚುನಾವಣೆ ಮತ್ತು 1958ರ ಕಂದಾಯ ರಸೀತಿ

ಪ್ರಶ್ನೆ: ಭೂತಾನಕ್ಕೆ ಪ್ರವಾಸ ಹೋಗಿ ಬಂದ ನನ್ನ ತಂಗಿಯ ಮಗ, ಅಲ್ಲಿ ಅರಸರೂ ಇದ್ದಾರೆ, ಚುನಾವಣೆಯೂ ನಡೆಯುತ್ತದೆ, ಗಲಾಟೆಯೇ ಇಲ್ಲ ಎಂದು ಹೊಗಳುತ್ತಾನೆ. ಅರಸರಿರುವ ದೇಶವನ್ನು ಪ್ರಜಾಪ್ರಭುತ್ವ ಎನ್ನಬಹುದೇ? ಜನರಿಗೆ ನಿಜವಾಗಿ ಸ್ವಾತಂತ್ರ್ಯವಿದೆಯೇ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಅರಸರಿದ್ದ ಮಾತ್ರಕ್ಕೆ ಪ್ರಜಾಪ್ರಭುತ್ವ ಇಲ್ಲವಾಗುವುದಿಲ್ಲ, ಬ್ರಿಟನ್, ನಾರ್ವೆಗಳಲ್ಲಿಯೂ ಅರಸರಿದ್ದಾರೆ. ಭೂತಾನದ ನೆಲ ನಮ್ಮ ಕೋಲಾರ ಜಿಲ್ಲೆಯ ಸುಮಾರು ಹತ್ತರಷ್ಟಿದ್ದರೂ ಜನಸಂಖ್ಯೆ ಜಿಲ್ಲೆಯ ಅರ್ಧದಷ್ಟು, ಅಂದರೆ 2017ರ ಜನಗಣತಿಯ ಪ್ರಕಾರ ಸುಮಾರು ಏಳೂಕಾಲು ಲಕ್ಷ. ನಾವು ಆರು ಶಾಸಕರನ್ನು ಆರಿಸಿದರೆ ಅವರು ಕೆಳಮನೆಗೆ 47 ಮಂದಿಯನ್ನು ಆರಿಸುತ್ತಾರೆ.

ಅಲ್ಲಿ ಮತದ ಹಕ್ಕು ಜನ ಹೋರಾಡಿ ಪಡೆದದ್ದಲ್ಲ, ಅರಸರೇ ಕೊಟ್ಟದ್ದು. ನಾಲ್ಕನೆಯ ಅರಸ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 2006ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟರು. 2008ರ ಮಾರ್ಚ್‌ನಲ್ಲಿ ಕೆಳಮನೆಗೆ ಮೊದಲ ಚುನಾವಣೆ ನಡೆದು, ಜುಲೈನಲ್ಲಿ ಸಂವಿಧಾನ ಜಾರಿಗೆ ಬಂತು. ಅರಸರು 65 ವರ್ಷಕ್ಕೆ ಸಿಂಹಾಸನದಿಂದ ಇಳಿಯಬೇಕೆಂದು ಆ ಸಂವಿಧಾನವೇ ಹೇಳುತ್ತದೆ. ಹೀಗೆ ಮೇಲಿನಿಂದ ಬಂದ ಚುನಾವಣೆ ಬರೀ ತೋರಿಕೆಯದಾಗಿರಬಹುದು ಎಂಬ ಅನುಮಾನ ಸಹಜವಾದರೂ ಫಲಿತಾಂಶಗಳು ಬೇರೆಯದನ್ನೇ ಹೇಳುತ್ತವೆ. ಮೊದಲ ಚುನಾವಣೆಯಲ್ಲಿ ಎರಡೇ ಸ್ಥಾನ ಪಡೆದ ಪಕ್ಷ 2013ರಲ್ಲಿ 32 ಸ್ಥಾನ ಗೆದ್ದು ಸರ್ಕಾರ ರಚಿಸಿತು. ಅಲ್ಲಿ ಮತದಾನ ಎರಡು ಸುತ್ತು, ಮೊದಲ ಸುತ್ತಿನಲ್ಲಿ ಮುಂದಿರುವ ಎರಡು ಪಕ್ಷಗಳಷ್ಟೇ ಎರಡನೆಯದಕ್ಕೆ ಹೋಗುತ್ತವೆ. 2018ರಲ್ಲಿ ಆ ಪಕ್ಷ ಮೊದಲ ಸುತ್ತಿನಲ್ಲಿಯೇ ಹೊರಬಿದ್ದು, 2024ರಲ್ಲಿ ಮತ್ತೆ ಅಧಿಕಾರಕ್ಕೆ ಬಂತು. ಆಳುವ ಪಕ್ಷ ಮರಳಿ ಗೆದ್ದ ಉದಾಹರಣೆ ಅಲ್ಲಿ ಇದುವರೆಗೆ ಒಂದೂ ಇಲ್ಲ.

ನಿಮ್ಮ ತಂಗಿಯ ಮಗ ಕಂಡದ್ದು ಇಷ್ಟನ್ನು, ಅದು ಸುಳ್ಳಲ್ಲ. ಪ್ರವಾಸಿಗೆ ಕಾಣದಿರುವುದು ದಕ್ಷಿಣದ ತಪ್ಪಲಿನ ಕಥೆ. ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ನೇಪಾಳಿ ಮಾತನಾಡುವ ಜನರನ್ನು ಲೋಟ್‌ಶಾಂಪಾ ಎನ್ನುತ್ತಾರೆ. 1985ರ ಪೌರತ್ವ ಕಾಯ್ದೆ 1958ರ ಕೊನೆಗೆ ದೇಶದಲ್ಲಿ ನೆಲೆಸಿದ್ದುದಕ್ಕೆ ದಾಖಲೆ ಕೇಳಿತು. ಬಳಿಕ ನಡೆದ ಗಣತಿಯಲ್ಲಿ ಆ ವರ್ಷದ ಕಂದಾಯ ರಸೀತಿ ತೋರಿಸಲಾಗದವರು ವಿದೇಶಿಯರೆನಿಸಿಕೊಂಡರು. ಬಡಗಣ ಭೂತಾನದ ಉಡುಪು ಎಲ್ಲರಿಗೂ ಕಡ್ಡಾಯವಾಯಿತು, ಶಾಲೆಗಳಲ್ಲಿ ನೇಪಾಳಿ ಪಾಠ ನಿಂತಿತು, 1990ರಲ್ಲಿ ಪ್ರತಿಭಟಿಸಿದವರ ಬಂಧನವಾಯಿತು. ಮುಂದೆ ಒಂದು ಲಕ್ಷದಷ್ಟು ಜನ ಪೂರ್ವ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಶಿಬಿರ ಸೇರಿದರು.

ಇದರ ಭಾರ ಅರಿಯಲು ನಾವು ದೂರ ಹೋಗಬೇಕಿಲ್ಲ. ಚಿನ್ನದ ಗಣಿಯ ಕೆಲಸಕ್ಕೆ ತಮಿಳು ಸೀಮೆಯಿಂದ ಬಂದು ಕೆಜಿಎಫ್‌ನ ಲೈನ್ ಮನೆಗಳಲ್ಲಿ ಮೂರು ನಾಲ್ಕು ತಲೆಮಾರು ಬದುಕಿದ ಕುಟುಂಬಗಳನ್ನು ಕರೆದು, 1958ರ ಕಂದಾಯ ರಸೀತಿ ತನ್ನಿ ಎಂದರೆ ಅವರು ಏನನ್ನು ತಂದಾರು? ಕಂಪನಿಯ ಮನೆಯಲ್ಲಿದ್ದವರಿಗೆ ಕಂದಾಯ ಕಟ್ಟುವ ಜಮೀನೇ ಇರಲಿಲ್ಲ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಮುಳಬಾಗಿಲಿನವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಶಿಬಿರಗಳಲ್ಲಿದ್ದ ಬಹುಪಾಲು ಜನ 2007ರ ನಂತರ ಅಮೆರಿಕ ಮೊದಲಾದ ದೇಶಗಳಲ್ಲಿ ನೆಲೆ ಕಂಡರು. 2025ರಲ್ಲಿ ಅಮೆರಿಕ ಅವರಲ್ಲಿ ಕೆಲವರನ್ನು ಗಡೀಪಾರು ಮಾಡಿ ಭೂತಾನಕ್ಕೆ ಕಳುಹಿಸಿದಾಗ, ಅವರಲ್ಲಿ ಕೆಲವರು ದಿನಗಳಲ್ಲಿಯೇ ಭಾರತದ ಮೂಲಕ ನೇಪಾಳ ತಲುಪಿ, ಅಲ್ಲಿ ಮತ್ತೆ ಬಂಧನಕ್ಕೊಳಗಾದರು. ಹಾಗಾಗಿ ನನ್ನ ಉತ್ತರ ಇದು: ಸರ್ಕಾರವನ್ನು ಬದಲಿಸುವ ಹಕ್ಕು ಭೂತಾನದ ಪ್ರಜೆಗೆ ನಿಜವಾಗಿ ಇದೆ, ಯಾರು ಪ್ರಜೆ ಎಂಬುದನ್ನು ಮಾತ್ರ ಆ ಚುನಾವಣೆ ಬರುವ ಮೊದಲೇ ತೀರ್ಮಾನಿಸಲಾಗಿತ್ತು. ಪತ್ರಿಕೆಗಳ ಸ್ಥಿತಿಯೂ ಸಮಾಧಾನ ತರುವಂತಿಲ್ಲ. ಚಿಕ್ಕ ಮಾರುಕಟ್ಟೆಯ ಖಾಸಗಿ ಪತ್ರಿಕೆಗಳು ಸರ್ಕಾರಿ ಜಾಹೀರಾತನ್ನೇ ನೆಚ್ಚಿಕೊಂಡಿವೆ. ವಿಶ್ವ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ 2022ರಲ್ಲಿ 33ನೆಯ ಸ್ಥಾನದಲ್ಲಿದ್ದ ದೇಶ 2024ರಲ್ಲಿ 147ಕ್ಕೆ ಇಳಿಯಿತು.

ಪ್ರಶ್ನೆ: ಭೂತಾನದಲ್ಲಿ ಸಂಸತ್ತಿಗೆ ನಿಲ್ಲಲು ಪದವಿ ಕಡ್ಡಾಯವಂತೆ. ನಮ್ಮ ವಿಧಾನಸಭೆಗೂ ಈ ನಿಯಮ ತರಬಾರದೇಕೆ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ತರಬಾರದೆಂದೇ ನನ್ನ ಅಭಿಪ್ರಾಯ. ಪದವೀಧರರು ವಿರಳವಾಗಿದ್ದ ದೇಶದಲ್ಲಿ ಈ ನಿಯಮದಿಂದಾಗಿ ಯಾಕ್ ಮೇಯಿಸುವವರು, ಬೇಸಾಯಗಾರರು ಮತ ಹಾಕುವುದಕ್ಕಷ್ಟೇ ಉಳಿದರು. ಬೌದ್ಧ ಭಿಕ್ಷುಗಳಿಗಂತೂ, ರಾಜಕೀಯದಿಂದ ದೂರವಿರಬೇಕೆಂಬ ಕಾರಣಕ್ಕೆ, ಮತದ ಹಕ್ಕೂ ಇಲ್ಲ. ಮಾವಿನ ಬೆಲೆ ಕುಸಿದ ವರ್ಷ ನಿಮ್ಮ ಊರಿನಲ್ಲಿ ರಸ್ತೆಗಿಳಿದ ಬೆಳೆಗಾರರನ್ನು ನೆನಪಿಸಿಕೊಳ್ಳಿ. ಅವರಲ್ಲೊಬ್ಬರು ಮುಂದಿನ ಚುನಾವಣೆಗೆ ನಿಲ್ಲಬೇಕೆಂದು ಹೊರಟರೆ, ನೀವು ಕೇಳುವ ನಿಯಮ ಮೊದಲು ತಡೆಯುವುದು ಅವರನ್ನೇ.